ಕೆಂಡದ ವಯಸ್ಸು

ನಮ್ಮೂರಲ್ಲಿ ಯಾರಾದರೂ "ಹೊನ್ನಯ್ಯನ ಮನೇಲಿ ಬೆಂಕಿ ಸಾಕ್ತಾವ್ರೆ" ಅಂದರೆ ಹೊಸಬರು ಬಾಯಿ ಬಾಯಿ ಬಿಡುತ್ತಾರೆ. ನಮಗೆ ಅದು ದನ ಸಾಕಿದಷ್ಟೇ ಸಹಜ ಮಾತು. ಹೊನ್ನಯ್ಯ ಇವತ್ತಲ್ಲ ನಾಳೆ ಗಂಟುಮೂಟೆ ಕಟ್ಟಿ ಬೆಟ್ಟದ ಮೇಲಿನೂರಿಗೆ ಹೋಗಿ ನೆಲೆಸುವವನು ಎಂದು ಅದರ ಅರ್ಥ. ಆ ಹೊನ್ನಯ್ಯ ನಾನೇ. ಕೆಲಸ ಇಸ್ತ್ರಿ ಹಾಕುವುದು. ಸುಡುಬಿಸಿಲಿನ ಊರಲ್ಲಿ, ತಗಡಿನ ಸೂರಿನ ಕೆಳಗೆ, ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ಮೂವತ್ತು ವರ್ಷ ನಿಂತವನಿಗೆ ಚಳಿಯ ಊರಿನ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮೇಲಿನೂರಲ್ಲಿ ಬೆಂಕಿ ಹುಟ್ಟುವುದಿಲ್ಲ. ಕಡ್ಡಿ ಗೀರಿದರೆ ಗೀಚಿದ ಸದ್ದು ಬರುತ್ತದೆ, ಅಷ್ಟೇ. ಕರೆಂಟಿನವರು ಒಮ್ಮೆ ಕಂಬ ನೆಟ್ಟು ತಂತಿ ಎಳೆದರು. ಬಲ್ಬು ಕಣ್ಣು ಬಿಡಲಿಲ್ಲ. ಆ ಕಂಬಗಳಿಗೆ ಈಗ ಕುರಿ ಕಟ್ಟುತ್ತಾರೆ. ಅಲ್ಲಿ ಬಾಳುವೆ ಮಾಡಬೇಕೆಂದರೆ ಕೆಳಗಿನಿಂದ ಕೆಂಡ ಹೊತ್ತುಕೊಂಡು ಹೋಗಬೇಕು. ಆ ಕೆಂಡ ಕೆಳಗೆ ಎಷ್ಟು ದಿನ ಆರದೆ ಬದುಕಿತ್ತೋ ಮೇಲೆಯೂ ಅಷ್ಟೇ ದಿನ ಬದುಕುತ್ತದೆ. ವರ್ಷದ ಬೆಂಕಿಗೆ ವರ್ಷ, ಹತ್ತು ವರ್ಷದ್ದಕ್ಕೆ ಹತ್ತು. ಪಕ್ಕದ ಮನೆಯಿಂದ ಕಡ ತರೋಣವೆಂದರೆ ಒಬ್ಬರ ಬೆಂಕಿ ಇನ್ನೊಬ್ಬರ ಒಲೆಯಲ್ಲಿ ನಿಲ್ಲುವುದಿಲ್ಲ. ಬೆಂಕಿ ತೀರಿದ ಮನೆಯವರು ನೆರೆಯವರನ್ನೆಲ್ಲ ಕರೆದು ಕೊನೆಯ ಅಡುಗೆ ಉಣ್ಣಿಸುತ್ತಾರೆ, ಮಾರನೆಯ ಬೆಳಗ್ಗೆ ಇಳಿದುಬರುತ್ತಾರೆ. ಇದಕ್ಕೆ ಯಾರೂ ಗೋಳಾಡುವುದಿಲ್ಲ. ಮಳೆಗಾಲ ಮುಗಿದರೆ ಯಾರು ಗೋಳಾಡುತ್ತಾರೆ?

ಹಾಗಾಗಿ ಹೋಗಬೇಕೆನ್ನುವವರು ಮೊದಲು ಬೆಂಕಿ ಸಾಕಬೇಕು. ನಾನೂ ನನ್ನ ಹೆಂಡತಿ ದೇವೀರಿಯೂ ಹನ್ನೊಂದು ವರ್ಷದಿಂದ ಸಾಕುತ್ತಿದ್ದೆವು. ಸಂಜೆ ಕೆಲಸ ಮುಗಿದ ಮೇಲೆ ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ಅಗ್ಗಿಷ್ಟಿಕೆಗೆ ಸುರಿದು, ಮೇಲೆರಡು ತೆಂಗಿನ ಚಿಪ್ಪು ಇಟ್ಟು, ಬೂದಿ ಮುಚ್ಚುವುದು. ಬೆಳಗ್ಗೆ ಬೂದಿ ಸರಿಸಿ ಬೀಸಣಿಗೆ ಆಡಿಸುವುದು. ಕೇಳುವುದಕ್ಕೆ ಸುಲಭ. ಆದರೆ ಈ ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಜೊತೆಯಾಗಿ ಒಂದು ಮದುವೆ ಊಟ ಮಾಡಿದವರಲ್ಲ. ಧಾರೆಗೆ ಅವಳು ಹೋದರೆ ಬೀಗರೂಟಕ್ಕೆ ನಾನು. ಮಗಳು ಸುಲೋಚನಳ ಮದುವೆಯಲ್ಲಿ ಮಾತ್ರ ಅಗ್ಗಿಷ್ಟಿಕೆಯನ್ನೇ ಛತ್ರಕ್ಕೆ ಹೊತ್ತುಕೊಂಡು ಹೋಗಿ ಚಪ್ಪರದ ಮೂಲೆಯಲ್ಲಿಟ್ಟಿದ್ದೆವು, ಆಗಲೂ ಅದರ ಕಾವಲಿಗೆಂದು ಒಬ್ಬರಾದ ಮೇಲೆ ಒಬ್ಬರು ಉಂಡೆವು. ಬೀಗರು ಅದನ್ನೂ ಒಬ್ಬ ನೆಂಟನ ಹಾಗೆ ಮಾತಾಡಿಸಿದರು.

ಯಾಕಿಷ್ಟು ಪಾಡು ಎಂದರೆ, ನಾನು ಹುಟ್ಟಿದ್ದು ಮೇಲೆ. ತಾತ ಮೂವತ್ತೆರಡು ವರ್ಷದ ಬೆಂಕಿ ಹೊತ್ತು ಹತ್ತಿದವನು. ಅಂಥ ಬೆಂಕಿ ಆಮೇಲೆ ಯಾರೂ ತರಲಿಲ್ಲವಂತೆ. ನನಗೆ ಒಂಬತ್ತು ತುಂಬಿದ ವರ್ಷ ಅದು ತೀರಿತು, ನಾವು ಇಳಿದೆವು. ಆ ಒಂಬತ್ತು ವರ್ಷವನ್ನು ನಾನು ಆಮೇಲಿನ ನಲವತ್ತೇಳು ವರ್ಷದಲ್ಲಿ ಎಷ್ಟು ಸಲ ಮೆಲುಕು ಹಾಕಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ಎದ್ದರೆ ರಾಗಿ ಹುಲ್ಲಿನ ಮೆದೆಯ ಮೇಲೆ ಇಬ್ಬನಿ ಗಟ್ಟಿಯಾಗಿ ಬಿಳಿ ಸಿಪ್ಪೆ ಕಟ್ಟಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದೆವು. ದನದ ಮೂಗಿನಿಂದ ಹಬೆ, ನಮ್ಮ ಬಾಯಿಂದ ಹಬೆ. ಕಂಬಳಿಯೊಳಗೆ ತಾತನ ಹೊಟ್ಟೆಗೆ ಆನಿಸಿಕೊಂಡು ಕೂತರೆ ಕುರಿಯ ಕಮಟೂ ಹೊಗೆಸೊಪ್ಪಿನ ವಾಸನೆಯೂ ಬೆರೆತು ಬರುತ್ತಿದ್ದವು. ಒಲೆಯ ಬೂದಿಯಲ್ಲಿ ಹೂತಿಟ್ಟ ಆಲೂಗಡ್ಡೆಯನ್ನು ತಾತ ಕೈಯಲ್ಲೇ ಮುರಿದು, ಊದಿ, ದೊಡ್ಡ ಹೋಳನ್ನು ನನಗೇ ಕೊಡುತ್ತಿದ್ದ. ಈಗಲೂ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ರಾಶಿ ಕಂಡರೆ ಒಂದನ್ನು ಎತ್ತಿ ಮೂಸಿ ನೋಡುತ್ತೇನೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈ ವರ್ಷ ಯುಗಾದಿಯ ಹೊತ್ತಿಗೆ, ಮೇಲಿನಿಂದ ಆಲೂಗಡ್ಡೆ ಗಾಡಿ ಹೊಡೆದುಕೊಂಡು ಬರುವವನು ಒಂದು ಸುದ್ದಿ ತಂದ. ನಮ್ಮ ತಾತ ಇದ್ದ ಮನೆಯವರ ಬೆಂಕಿ ತೀರಿತಂತೆ, ಮನೆ ಖಾಲಿಯಂತೆ. ಹತ್ತು ವರ್ಷ ದಾಟಿದ ಬೆಂಕಿ ಇದ್ದವರಿಗೆ ಅದು ಸಿಗುತ್ತದೆ, ಶ್ರಾವಣದಲ್ಲಿ ಮಾದಜ್ಜಿ ಬಂದು ಬೆಂಕಿ ನೋಡುತ್ತಾಳೆ ಎಂದ. ಮಾದಜ್ಜಿ ಎಂದರೆ ಮೇಲಿನೂರಿನ ಪರವಾಗಿ ಕೆಂಡದ ವಯಸ್ಸು ಹೇಳುವ ಮುದುಕಿ. ಅವಳ ಮಾತೇ ಕೊನೆ.

"ತಾತ ಕೂತ್ಕೊಳ್ತಿದ್ದ ಜಗಲಿ ಇನ್ನೂ ಹಂಗೇ ಐತಂತೆ ಕಣೇ" ಎಂದೆ ದೇವೀರಿಗೆ. ಆವತ್ತು ಎಷ್ಟು ಸಲ ಹೇಳಿದೆನೋ.

"ಕೇಳ್ತು" ಎಂದಳು. ಅವಳು ಕೆಳಗಿನವಳು, ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಬೆಳೆದವಳು. ಹುಟ್ಟಿದಾಗಿನಿಂದ ಒಂದು ಶಾಲು ಹೊದ್ದವಳಲ್ಲ. ಹೋಗೋಣ ಅಂತಲೂ ಬೇಡ ಅಂತಲೂ ಅವಳು ಹನ್ನೊಂದು ವರ್ಷದಲ್ಲಿ ಬಾಯಿ ಬಿಟ್ಟು ಹೇಳಿರಲಿಲ್ಲ. ಕೇಳಿದರೆ ಅಡ್ಡ ಪ್ರಶ್ನೆ ಹಾಕುತ್ತಿದ್ದಳು. "ಅಲ್ಲಿ ಯಾರ ಬಟ್ಟೆಗೆ ಇಸ್ತ್ರಿ ಹಾಕ್ತೀರಿ? ಕಂಬಳಿಗಾ?" "ಸುಲೋಚನ ಮಗೂನ ಎತ್ಕೊಂಡು ಬಂದ್ರೆ ಬೀಗ ನೋಡ್ಕೊಂಡು ಹೋಗ್ಲಾ?" ನಾನು ಇವೆಲ್ಲ ಹೆಂಗಸರು ಹೊರಡುವ ಮುಂಚೆ ಕೇಳುವ ಪ್ರಶ್ನೆಗಳೆಂದೇ ತಿಳಿದಿದ್ದೆ.

ಅಲ್ಲದೆ ನನಗೆ ನನ್ನದೇ ಚಿಂತೆ ಇತ್ತು. ಇಲ್ಲಿ ಒಂದು ಗುಟ್ಟು ಹೇಳಬೇಕು. ಇಪ್ಪತ್ತು ತಿಂಗಳ ಹಿಂದೆ ದೇವೀರಿ ಮಗಳ ಬಾಣಂತನಕ್ಕೆಂದು ಹೋಗಿದ್ದಾಗ, ನಾನು ಚೌಕಾಬಾರ ಆಡುತ್ತ ಎದುರು ಮನೆಯ ಜಗಲಿಯಲ್ಲೇ ಸಂಜೆ ಮಾಡಿ, ಬೂದಿ ಮುಚ್ಚುವುದನ್ನು ಮರೆತೆ. ಬೆಳಗ್ಗೆ ನೋಡಿದರೆ ಅಗ್ಗಿಷ್ಟಿಕೆ ತಣ್ಣಗೆ ಕೂತಿತ್ತು. ಒಂಬತ್ತು ವರ್ಷದ ಬೆಂಕಿ, ಮಗಳ ಮದುವೆ ನೋಡಿದ ಬೆಂಕಿ. ಆಮೇಲೆ ಬಾಗಿಲು ಮುಂದೆ ಮಾಡಿ, ಕಡ್ಡಿ ಗೀರಿ, ಹೊಸದು ಹೊತ್ತಿಸಿ, ಆ ಕಡ್ಡಿಯನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತುಬಿಟ್ಟೆ. ಯಾರಿಗೂ ಹೇಳಲಿಲ್ಲ. ಮಾದಜ್ಜಿಗೆ ಎಂಬತ್ತು ದಾಟಿತ್ತು. ಅವಳ ಕೈ ಮೊದಲಿನಷ್ಟು ಚುರುಕಿಲ್ಲವೆಂದು ಯಾರೋ ಅಂದಿದ್ದರು. ನಾನು ಆ ಮಾತನ್ನೇ ನೆಚ್ಚಿಕೊಂಡಿದ್ದೆ. ಬಟ್ಟೆ ಕೊಡಲು ಬಂದವರ ಮುಂದೆ ಪೆಟ್ಟಿಗೆಯ ಮುಚ್ಚಳ ತೆಗೆದು, "ನೋಡಿ ಸ್ವಾಮಿ, ಹನ್ನೊಂದು ವರ್ಷದ ಕೆಂಡದ ಬಣ್ಣವೇ ಬೇರೆ" ಎಂದು ಜಂಬ ಕೊಚ್ಚುವುದನ್ನೂ ಬಿಟ್ಟಿರಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಮಾದಜ್ಜಿ ಬಂದಳು. ಆ ಧಗೆಯಲ್ಲೂ ಕಂಬಳಿ ಹೊದ್ದೇ ಇದ್ದಳು. ಕೊಟ್ಟ ಮಜ್ಜಿಗೆಯನ್ನು ನಿಧಾನವಾಗಿ ಕುಡಿದು, "ಏನ್ಲಾ ಹೊನ್ನ, ಥೇಟು ನಿಮ್ಮ ತಾತನ ಕಿವಿ" ಎಂದಳು. ಆಮೇಲೆ ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕೆಂಡವನ್ನು ಬರಿಗೈಯಲ್ಲಿ ಎತ್ತಿ, ಬಿಸಿ ಆಲೂಗಡ್ಡೆ ಹಿಡಿದವಳ ಹಾಗೆ ಈ ಅಂಗೈಯಿಂದ ಆ ಅಂಗೈಗೆ ಹಾಕಿಕೊಂಡಳು. ಬೂದಿ ಚಿಟಿಕೆ ತೆಗೆದು ಮೂಸಿದಳು. ನಾಲಿಗೆಯ ತುದಿಗೆ ಮುಟ್ಟಿಸಿದಳು. ನನ್ನ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು.

"ನಾಕು ತಿಂಗಳು" ಎಂದಳು ಮಾದಜ್ಜಿ. "ಮೇಲೊಂದು ವಾರ ಇದ್ದಾತು."

"ನಾಕಾ?" ನಾನು ಕೂಗಿಯೇಬಿಟ್ಟೆ. "ಅದೆಂಗಜ್ಜಿ ನಾಕು? ಇಪ್ಪತ್ತು ತಿಂಗಳು ಆಗ್ಬೇಕಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು? ದೇವೀರಿ ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಕಡೆ ತಿರುಗಿ, "ಇಪ್ಪತ್ತಾ? ಹನ್ನೊಂದು ವರ್ಷ ಅಲ್ವಾ?" ಎಂದಳು. ನಾನು ಕರಿಬೇವಿನ ಗಿಡ ನೋಡಿದೆ. ಅವಳಿಗೆ ನಗು ಬಂತು. ಹಿಡಿದುಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ನಿಮ್ಮದು ಮರೆವು" ಎಂದಳು. "ನಂದು ಮರೆವಲ್ಲ. ಯುಗಾದಿಯಾಗಿ ಮೂರನೇ ದಿನ, ನೀವು ಬಟ್ಟೆ ಕೊಡಕ್ಕೆ ಹೋಗಿದ್ರಿ. ಒಂದು ಚೊಂಬು ನೀರು ತಂದು ನಾನೇ ಸುರಿದೆ. ಆಮೇಲೆ ಹೊಸದು ಹತ್ತಿಸಿದೆ."

ನಾನು ಆರಿಸಿದ್ದು ಬೇರೆ, ಅವಳು ಕೊಂದದ್ದು ಬೇರೆ ಎನ್ನಿಸಿತು. "ಬರಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬೇಕಾಗಿತ್ತು" ಎಂದೆ.

"ಬರಕ್ಕೆ ಇಷ್ಟ ಇಲ್ಲ ಅಂತ ಯಾರು ಅಂದ್ರು?" ಅವಳ ದನಿ ಏರಿತು. "ಹತ್ತಕ್ಕೆ ಅಲ್ಲ, ಇಳಿಯಕ್ಕೆ ಹೆದರಿಕೆ ನಂಗೆ. ನಿಮ್ಮ ತಾತ ಇಳಿದ್ರಾ?"

ಮಾದಜ್ಜಿ ತಲೆ ತಗ್ಗಿಸಿ ಬೂದಿಯನ್ನು ಬೆರಳಿಂದ ಸವರತೊಡಗಿದಳು. ಆ ಕಥೆ ಅವಳಿಗೂ ಗೊತ್ತು, ನೋಡಿದವಳೇ ಅವಳು. ಬೆಂಕಿ ತೀರಿದ ಮಾರನೆಯ ಬೆಳಗ್ಗೆ ಅಪ್ಪ ಅವ್ವ ನಾನು ಹೊರಟೆವು. ತಾತ ಜಗಲಿಯಲ್ಲಿ ಕೂತಿದ್ದ. "ನೀವು ನಡೀರಿ, ನಾನು ಬಾಗಿಲು ಹಾಕ್ಕೊಂಡು ಬತ್ತೀನಿ" ಎಂದ. ನಾವು ಮೊದಲನೇ ತಿರುವಿನಲ್ಲಿ ಕಾದೆವು, ಎರಡನೆಯದರಲ್ಲಿ ಕಾದೆವು. ಅಪ್ಪ ವಾಪಸ್ಸು ಹತ್ತಿ ಹೋಗಿ ಕರೆದ, ಬೈದ, ಕೈ ಹಿಡಿದು ಎಳೆದ. ನೆರೆಯವರು "ನಮ್ಮ ಒಲೆ ಮುಂದೆ ಬಾ" ಎಂದರು. ತಾತ ಯಾರ ಮನೆಗೂ ಹೋಗಲಿಲ್ಲ. ಪುಷ್ಯದ ಚಳಿ. ಮೂರನೆಯ ದಿನ ಕೂತಲ್ಲೇ ಹೋಗಿದ್ದನಂತೆ. ಇದನ್ನು ದೇವೀರಿಗೆ ಮದುವೆಯಾದ ಹೊಸದರಲ್ಲಿ ನಾನೇ ಹೇಳಿದ್ದೆ. ದುಃಖದ ಕಥೆಯಾಗಿ ಅಲ್ಲ. "ಪುಣ್ಯಾತ್ಮ, ಇಷ್ಟಪಟ್ಟ ಜಾಗದಲ್ಲೇ ಹೋದ" ಎಂದು ಹೊಗಳಿ ಹೇಳಿದ್ದೆ. ಅವಳು ಆ ಹೊಗಳಿಕೆಯನ್ನು ಮೂವತ್ತು ವರ್ಷ ಮನಸ್ಸಲ್ಲಿಟ್ಟುಕೊಂಡಿದ್ದಳು.

"ಸುದ್ದಿ ಬಂದ ದಿನ ನೀವು ಮನೆ ಐತೆ ಅಂತ ಹೇಳ್ಲಿಲ್ಲ. ಜಗಲಿ ಐತೆ, ಜಗಲಿ ಐತೆ ಅಂದ್ರಿ" ಎಂದಳು. "ಹನ್ನೊಂದು ವರ್ಷ ಆದ್ಮೇಲೆ ನಿಮಗೆ ಅರವತ್ತೇಳು. ಆಗ ನಾನು ಯಾರನ್ನ ಎಳ್ಕೊಂಡು ಬರ್ಲಿ?"

ಮಾದಜ್ಜಿ ಎದ್ದಳು. ಹತ್ತು ವರ್ಷದ ಬೆಂಕಿ ಇಲ್ಲದವರಿಗೆ ಮನೆ ಇಲ್ಲ, ಅದು ಕಟ್ಟಳೆ. ಆದರೆ ಖಾಲಿ ಮನೆಯ ಸೂರಿಗೆ ಹೊಗೆ ತಾಗದಿದ್ದರೆ ಗೆದ್ದಲು ಹಿಡಿಯುತ್ತದೆ, ಬೇರೆಯವರು ಬರುವ ತನಕ ನಾಲ್ಕು ತಿಂಗಳು ಒಲೆ ಹೊತ್ತಿಸಿಕೊಟ್ಟರೆ ಊರಿಗೇ ಉಪಕಾರ ಎಂದಳು. "ಇಷ್ಟ ಇದ್ರೆ ಬನ್ನಿ. ನಾಕು ತಿಂಗಳಿಗೆ ಒಂದು ದಿನ ಹೆಚ್ಚಿಲ್ಲ" ಎಂದು ಹೇಳಿ, ಮಜ್ಜಿಗೆ ಲೋಟ ಕವುಚಿಟ್ಟು ಹೋದಳು.

ಮೂರು ದಿನ ನಾನು ದೇವೀರಿಯೊಡನೆ ಮಾತು ಬಿಟ್ಟೆ. ಹೆಡ್ಮಾಸ್ತರ ಪಂಚೆಯ ಮೇಲೆ ಪೆಟ್ಟಿಗೆ ಇಟ್ಟು ಬೆಟ್ಟ ನೋಡುತ್ತ ನಿಂತು, ದೋಣಿಯಾಕಾರದ ಕಪ್ಪು ಮಚ್ಚೆ ಮಾಡಿದೆ. ನಲವತ್ತೇಳು ವರ್ಷ ಕಾದವನಿಗೆ ನಾಲ್ಕು ತಿಂಗಳೇ? ಹಸಿದವನ ಎಲೆಗೆ ಉಪ್ಪು ಮಾತ್ರ ಬಡಿಸಿದ ಹಾಗೆ. ಬೇಡವೇ ಬೇಡ, ಇವತ್ತಿನಿಂದ ಮತ್ತೆ ಹತ್ತು ವರ್ಷ ಸಾಕುತ್ತೇನೆ, ಅಗ್ಗಿಷ್ಟಿಕೆಗೆ ಬೀಗ ಹಾಕುತ್ತೇನೆ ಎಂದುಕೊಂಡೆ. ಹಾಗೆ ಲೆಕ್ಕ ಹಾಕಿದರೆ ಹೋಗುವ ಹೊತ್ತಿಗೆ ನನಗೆ ಅರವತ್ತಾರು. ಅವಳು ಬರುತ್ತಾಳೋ ಇಲ್ಲವೋ.

ನಾಲ್ಕನೆಯ ದಿನ ಅವಳು ಊಟಕ್ಕೆ ಬಡಿಸುತ್ತ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು. "ನಾಕು ತಿಂಗಳಿಗಾದ್ರೆ ನಾನೂ ಬರ್ತೀನಿ. ಸುಲೋಚನನ ಹತ್ರ ಒಂದು ಸ್ವೆಟರು ಈಸ್ಕೊಂಡಿದೀನಿ. ಹನ್ನೊಂದು ವರ್ಷಕ್ಕಾದ್ರೆ ನೀವೊಬ್ರೇ ಹೋಗಿ." ಮಗಳ ಸ್ವೆಟರು ಅವಳಿಗೆ ಮೊಣಕೈ ತನಕ ಮಾತ್ರ ಬರುತ್ತಿತ್ತು. ಅದನ್ನು ಹಾಕಿ ನೋಡಿ, ಬೆವರಿ, ತೆಗೆದು, ಮಡಿಸಿ ಗಂಟಿನ ಮೇಲೆ ಇಟ್ಟಿದ್ದಳು. ಆ ಮೊಟುಕು ತೋಳು ನೋಡಿ ನನ್ನ ಸಿಟ್ಟು ಇಳಿಯಿತು.

ಕೆಂಡವನ್ನು ಇಸ್ತ್ರಿ ಪೆಟ್ಟಿಗೆಯಲ್ಲೇ ತುಂಬಿಕೊಂಡೆವು. ಬಸ್ಸಿನಲ್ಲಿ ಕಂಡಕ್ಟರು ಎಂದಿನಂತೆ ಬೆಂಕಿಗೆ ಅರ್ಧ ಟಿಕೆಟ್ಟು ಹರಿದ. ಬೆಟ್ಟದ ಬುಡದಿಂದ ಎರಡು ದಿನದ ನಡಿಗೆ. ಗಂಟೆಗೊಮ್ಮೆ ಕೂತು ಚಿಪ್ಪಿನ ಚೂರು ಹಾಕಿ ಊದುವುದು. ದೇವೀರಿ ಏದುಸಿರು ಬಿಡುತ್ತ ಹತ್ತಿದಳು, ಪೆಟ್ಟಿಗೆಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. "ನಿಮ್ಮನ್ನ ನಂಬಕ್ಕಾಗಲ್ಲ, ಎಲ್ಲಾದ್ರೂ ಚೌಕಾಬಾರ ಸಿಕ್ಕೀತು" ಎಂದಳು.

ಮನೆ ನೆನಪಿನದಕ್ಕಿಂತ ಚಿಕ್ಕದಿತ್ತು. ಬಾಗಿಲ ಪಟ್ಟಿಗೆ ಹಣೆ ಬಡಿದುಕೊಂಡು ಒಳಗೆ ಹೋದೆ. ಮಿಕ್ಕ ಎಲ್ಲವೂ ನಾನು ಬಿಟ್ಟುಹೋದ ಹಾಗೇ ಇತ್ತು. ಕಾರ್ತಿಕ ಬರುತ್ತಿದ್ದಂತೆ ಮೆದೆಯ ಮೇಲೆ ಬಿಳಿ ಸಿಪ್ಪೆ ಕಟ್ಟಿತು. ಐವತ್ತಾರು ವರ್ಷದ ನಾನು ಬೆಳ್ಳಂಬೆಳಗ್ಗೆ ಕಳ್ಳನ ಹಾಗೆ ಹೋಗಿ ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡೆ. ಅದೇ ಹುಲ್ಲಿನ ರುಚಿ. ಅಲ್ಲೇ ನಿಂತು ಅತ್ತೆ. ಊರಿನವರಿಗೆ ನನ್ನ ಪೆಟ್ಟಿಗೆ ದೊಡ್ಡ ತಮಾಷೆಯಾಯಿತು. ಒಂದು ಮದುವೆಗೆಂದು ಮದುಮಗನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ. ಅವನು ಆ ಗೆರೆ ಮುರಿದೀತೆಂದು ದಿನವಿಡೀ ಕೂರಲೇ ಇಲ್ಲ. ಆ ಮದುವೆಯಲ್ಲಿ ನಾನೂ ದೇವೀರಿಯೂ ಪಕ್ಕಪಕ್ಕ ಕೂತು ಊಟ ಮಾಡಿದೆವು. ಈ ಬೆಂಕಿಯ ಆಯಸ್ಸು ಆಗಲೇ ಗೊತ್ತಾಗಿದ್ದರಿಂದ ಅದನ್ನು ಕಾಯುವ ಗೊಡವೆ ಇರಲಿಲ್ಲ. ಹನ್ನೊಂದು ವರ್ಷದ ಮೇಲೆ ಜೊತೆಯಲ್ಲಿ ಒಂದು ಮದುವೆ ಊಟ. ಅವಳು ತನ್ನ ಎಲೆಯ ಹೋಳಿಗೆಯನ್ನು ಮುರಿದು ನನಗಿಟ್ಟಳು.

ದಿನ ತುಂಬಿತು. ನೆರೆಯವರನ್ನೆಲ್ಲ ಕರೆದು ಹುರುಳಿ ಸಾರು, ಮುದ್ದೆ, ಬೂದಿಯಲ್ಲಿ ಸುಟ್ಟ ಆಲೂಗಡ್ಡೆ ಬಡಿಸಿದೆವು. ಬೆಳಗ್ಗೆ ಒಲೆ ಮುಟ್ಟಿದರೆ ಕಲ್ಲಿನಷ್ಟು ತಣ್ಣಗಿತ್ತು. ದೇವೀರಿ ಗಂಟು ಕಟ್ಟಿದಳು. ನಾನು ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದೆ. ಆಗ ತಾನೇ ಬಿಸಿಲು ಎದುರು ಗುಡ್ಡದ ನೆತ್ತಿಗೆ ಬಿದ್ದಿತ್ತು. ಕೆಳಗೆ ತಗಡಿನ ಸೂರು, ಧಗೆ, ಹೆಡ್ಮಾಸ್ತರ ಪಂಚೆ. ಇಲ್ಲಿ ಈ ಕಲ್ಲು ತಾತ ಕೂತು ಕೂತು ನುಣುಪಾದದ್ದು. ಇನ್ನೊಂದು ಸ್ವಲ್ಪ ಹೊತ್ತು ಎನ್ನಿಸಿತು.

"ನೀನು ನಡಿ, ನಾನು ಬಾಗಿಲು ಹಾಕ್ಕೊಂಡು ಬತ್ತೀನಿ" ಎಂದೆ.

ಬಾಯಿಂದ ಬಂದ ಮೇಲೆ ಅದು ಯಾರ ಮಾತೆಂದು ನನಗೆ ಗೊತ್ತಾಯಿತು. ದೇವೀರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಬೈಯುತ್ತಾಳೆ, ಎಳೆಯುತ್ತಾಳೆ ಎಂದುಕೊಂಡೆ. ಅವಳು ಗಂಟು ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು.

"ಆಗ್ಲಿ, ನಿಧಾನಕ್ಕೆ ಹಾಕಿ. ನಾನೂ ಇಲ್ಲೇ ಕೂತಿರ್ತೀನಿ" ಎಂದಳು.

ಬಿಸಿಲು ಗುಡ್ಡದಿಂದ ನಮ್ಮ ಕಡೆಗೆ ಇಳಿಯುವ ಲಕ್ಷಣವಿರಲಿಲ್ಲ. ಕಲ್ಲಿನ ಶೀತ ಎಲುಬಿಗೆ ಹತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಕಟಕಟ ಸದ್ದು ಕೇಳಿ ತಿರುಗಿ ನೋಡಿದರೆ ಅವಳ ಹಲ್ಲು. ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿತ್ತು. ಮೊಟುಕು ತೋಳಿನ ಸ್ವೆಟರಿನಿಂದ ಹೊರಬಂದ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಎದುರಿಗೆ ನೋಡುತ್ತ, ಎಷ್ಟು ಹೊತ್ತಾದರೂ ಸರಿ ಎಂಬಂತೆ ಕೂತಿದ್ದಳು. ತಾತನ ಪಕ್ಕ ಹೀಗೆ ಯಾರೂ ಕೂತಿರಲಿಲ್ಲ. ಅಜ್ಜಿ ಅವನಿಗಿಂತ ಮೊದಲೇ ಹೋಗಿದ್ದಳು.

ನಾನು ಎದ್ದೆ. ಕಂಬಳಿಯನ್ನು ಅವಳಿಗೆ ಹೊದಿಸಿ, ಬಾಗಿಲು ಎಳೆದು, ಚಿಲಕ ಹಾಕಿದೆ. ಗಂಟೂ ಖಾಲಿ ಪೆಟ್ಟಿಗೆಯೂ ನನ್ನ ಕೈಗೆ ಬಂದವು. ಮೊದಲನೇ ತಿರುವು ದಾಟುವ ತನಕ ಹಿಂದಕ್ಕೆ ನೋಡಲಿಲ್ಲ. ದಾಟಿದ ಮೇಲೆ ನೋಡಿದೆ, ಆದರೆ ಅಲ್ಲಿಂದ ಜಗಲಿ ಕಾಣುವುದಿಲ್ಲ.

ಮನೆಗೆ ಬಂದ ಸಂಜೆ ನಮ್ಮೂರಿನ ಧಗೆ ಮುಖಕ್ಕೆ ರಾಚಿತು. ದೇವೀರಿ ಹಾಯೆನಿಸಿ ಸ್ವೆಟರು ಕಿತ್ತೊಗೆದಳು. ಕಡ್ಡಿ ಗೀರಿದಳು, ಭಗ್ಗನೆ ಹತ್ತಿತು. ಅನ್ನ ಸಾರು ಮಾಡಿದೆವು, ಉಂಡೆವು. ನಾನು ಪಾತ್ರೆ ತೊಳೆದಿಟ್ಟು ಬರುವಷ್ಟರಲ್ಲಿ ಅವಳು ಒಲೆಯ ಕೆಂಡವನ್ನೆಲ್ಲ ಅಗ್ಗಿಷ್ಟಿಕೆಗೆ ಸುರಿದು, ಮೇಲೆರಡು ತೆಂಗಿನ ಚಿಪ್ಪು ಇಟ್ಟು, ಬೂದಿ ಮುಚ್ಚುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತೆ. ಅವಳು ತಿರುಗದೆಯೇ ಹೇಳಿದಳು.

"ಯುಗಾದಿ ಕಳೆಯೋ ಹೊತ್ತಿಗೆ ಇದಕ್ಕೆ ನಾಕು ತಿಂಗಳು ತುಂಬುತ್ತೆ. ಆ ಮನೆ ಖಾಲಿ ಇದ್ರೆ ಅದೇ ಸೈ, ಇಲ್ದಿದ್ರೆ ಬೇರೆ ಯಾವುದಾದ್ರೂ ಮನೆಗೆ ಹೊಗೆ ಹಾಕಿ ಬರಾಣ. ನಾಕರ ಮೇಲೆ ಒಂದು ದಿನ ಆಯ್ತೋ, ಚೊಂಬು ಅಲ್ಲೇ ಐತೆ ನೋಡ್ಕೊಳ್ಳಿ."